ಒಡೊರಿಕ್ ಇಳಿದ ಬಂದರು

ಇಟಲಿಯ ಈಶಾನ್ಯದ ಪೊರ್ದೆನೋನೆ ಸೀಮೆಯ ಒಡೊರಿಕ್ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿ 1320ರ ದಶಕದ ಮೊದಲ ವರ್ಷಗಳಲ್ಲಿ ಹೊರ್ಮುಜ್‌ನಲ್ಲಿ ಹಡಗು ಹತ್ತಿದ. ಆ ಹಡಗಿನಲ್ಲಿ ಕಬ್ಬಿಣದ ಒಂದು ಮೊಳೆಯೂ ಇರಲಿಲ್ಲ. ಹಲಗೆಗಳನ್ನು ಹುರಿಯಿಂದ ಹೊಲಿದು ಕಟ್ಟಿದ್ದರು. 28 ದಿನ ಕಡಲ ಮೇಲಿದ್ದು ಆತ ಇಳಿದದ್ದು ಠಾಣೆಯಲ್ಲಿ. ನಾವು ಡೊಂಬಿವಲಿಯವರು ಬೆಳಗಿನ ಲೋಕಲ್‌ನಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತು ದಿನವೂ ದಾಟಿಹೋಗುವ ಅದೇ ಠಾಣೆಯಲ್ಲಿ.

ಮೇ ತಿಂಗಳು ಬಂತೆಂದರೆ ಡೊಂಬಿವಲಿಯ ಕನ್ನಡಿಗರ ಮನೆಗಳು ಊರಿನ ದಾರಿ ಹಿಡಿಯುತ್ತವೆ. ಕರಾವಳಿಯವರಿಗೆ ಮತ್ಸ್ಯಗಂಧ, ವಿಜಯಪುರ-ಕಲಬುರಗಿ ಕಡೆಯವರಿಗೆ ಸೊಲ್ಲಾಪುರದ ಮೇಲೆ ಹೋಗುವ ಗಾಡಿಗಳು. ಈಚೆಗೆ ಮೂರನೆಯ ದಾರಿಯೊಂದು ಸೇರಿದೆ. ನಮ್ಮ ಕಟ್ಟಡದಲ್ಲೇ ಇಟಲಿಗೆ ಹೋಗಿ ಬಂದವರಿದ್ದಾರೆ. ಬೆಟ್ಟಕ್ಕೆ ಅಂಟಿಕೊಂಡ ಬಣ್ಣಬಣ್ಣದ ಮನೆಗಳು, ಕೆಳಗೆ ನೀಲಿ ಕಡಲು ಇರುವ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಕಾಲೇಜಿನಲ್ಲಿ ಇತಿಹಾಸ ಓದುವ ಮಗಳಿಗೆ ಅಲ್ಲಿಯ ಕಡಲೂರೊಂದನ್ನು ನೋಡುವ ಆಸೆ. ಆಕೆಯ ಮನಸ್ಸಿನಲ್ಲಿದ್ದದ್ದು ವೆನಿಸ್ಸಿನ ಹಿನ್ನೀರಿನ ದಕ್ಷಿಣ ತುದಿಯ ಕಿಯೊಜ್ಜಾ. 1420ರ ಸುಮಾರಿಗೆ ವಿಜಯನಗರವನ್ನು ಕಂಡ ನಿಕೊಲೊ ಕೊಂಟಿ ಆ ಊರಿನವನು. ಅವನನ್ನು ಓದುತ್ತ ಹಿಂದೆ ಹೋದವಳಿಗೆ ಒಡೊರಿಕ್ ಸಿಕ್ಕಿದ.

“ಅಪ್ಪಾ, ಇಟಲಿಯವರು ಏಳುನೂರು ವರ್ಷದ ಹಿಂದೆ ನಮ್ಮ ಸ್ಟೇಷನ್ನಿಗೆ ಬಂದಿದ್ದರು. ನಾವು ಒಮ್ಮೆಯಾದರೂ ಅಲ್ಲಿ ಇಳಿದು ನೋಡಿದ್ದೇವಾ?” ಎಂದಳು.

ಆ ಬೇಸಿಗೆಯಲ್ಲಿ ನಾವು ಎಲ್ಲಿಯೂ ದೂರ ಹೋಗಲಿಲ್ಲ. ಕಲ್ಯಾಣದಿಂದ ಐರೋಲಿಯವರೆಗಿನ ನೀರಿನ ಅಂಚನ್ನು ನಿಧಾನವಾಗಿ ನೋಡುವುದೆಂದು ನಿಶ್ಚಯಿಸಿದೆವು. ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತರಾದ, ಇಂಡಿ ಕಡೆಯ ಮೇಷ್ಟ್ರು ಜೊತೆಗೆ ಬಂದರು. ನನ್ನ ಪಾಲಿಗೆ ಇಷ್ಟು ತುಂಬಿದ ಪ್ರವಾಸ ಮತ್ತೊಂದಿಲ್ಲ.

ಮೊದಲು ಕಲ್ಯಾಣ. ಸ್ಟೇಷನ್ನಿನ ಹೊರಗೆ ಆದಿವಾಸಿ ಹೆಂಗಸರು ಎಲೆಯ ದೊನ್ನೆಗಳಲ್ಲಿ ಕರವಂದ, ಜಾಂಬಳ ಇಟ್ಟುಕೊಂಡು ಕೂತಿದ್ದರು. ಹಣ್ಣು ಕೊಂಡು ರಿಕ್ಷಾದಲ್ಲಿ ದುರ್ಗಾಡಿ ಕೋಟೆಗೆ ಹೋದೆವು. ಕೋಟೆಯೆಂದರೆ ಖಾಡಿಯ, ಅಂದರೆ ಕಡಲ ಹಿನ್ನೀರಿನ, ದಂಡೆಯ ಸಣ್ಣ ಗುಡ್ಡ. ಮೇಲೆ ದೇವಿಯ ಗುಡಿ, ಕೆಳಗೆ ಮಣ್ಣು ಬಣ್ಣದ ಉಲ್ಹಾಸ ನದಿ. ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ನಾವಿಕನ ಕೈಪಿಡಿ ‘ಪೆರಿಪ್ಲಸ್’ ಈ ಊರನ್ನು ಕಲ್ಲಿಯೇನಾ ಎಂದು ಕರೆದು, ಒಂದು ಕಾಲಕ್ಕೆ ಇದು ರಾಜಮಾನ್ಯ ಮಾರುಕಟ್ಟೆಯಾಗಿತ್ತು, ಆಮೇಲೆ ಅಡ್ಡಿ ಬಂದು ಇಲ್ಲಿಗೆ ತಪ್ಪಿ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚಿಗೆ ಒಯ್ಯುತ್ತಿದ್ದರು ಎಂದು ಹೇಳುತ್ತದೆ. ಗ್ರೀಕ್ ನಾವಿಕರು ಆಗ ರೋಮ್ ಸಾಮ್ರಾಜ್ಯದ ಪ್ರಜೆಗಳು. ಅಂದರೆ ಇಟಲಿಯ ಪೇಟೆಗೂ ಈ ದಂಡೆಗೂ ನಡುವಿನ ಹಾದಿ ಎರಡು ಸಾವಿರ ವರ್ಷ ಹಳೆಯದು. ಕಲ್ಯಾಣದ ವರ್ತಕರು ಬಡವರಾಗಿರಲಿಲ್ಲ. ಕಾನ್ಹೇರಿಯ ಬೌದ್ಧ ಗುಹೆಗಳ ಶಾಸನಗಳಲ್ಲಿ ದಾನ ಕೊಟ್ಟವರೆಂದು ಈ ಊರಿನವರ ಹೆಸರುಗಳಿವೆ.

1657ರಲ್ಲಿ ಕಲ್ಯಾಣ-ಭಿವಂಡಿ ಶಿವಾಜಿ ಮಹಾರಾಜರ ಕೈಗೆ ಬಂತು. ಮರಾಠರ ನೌಕಾಪಡೆಯ ಮೊದಲ ಹಡಗುಗಳು ಈ ಖಾಡಿಯಲ್ಲೇ ಸಿದ್ಧವಾದವು. ಕಟ್ಟುವ ಕೆಲಸಕ್ಕೆ ಪೋರ್ಚುಗೀಸ್ ಕುಶಲಿಗರನ್ನು ಇಟ್ಟುಕೊಂಡಿದ್ದರು. ಹೊರಗಿನವರ ವಿದ್ಯೆಯನ್ನು ಪಡೆದು ತನ್ನ ಕಡಲನ್ನು ಕಾಯಬೇಕೆಂದು ಕಂಡ ದೊರೆಯ ದೂರದೃಷ್ಟಿ ಆ ಗುಡ್ಡದ ಮೇಲೆ ನಿಂತಾಗ ಮನಸ್ಸಿಗೆ ಹತ್ತುತ್ತದೆ.

ಅಲ್ಲಿಂದ ಅಂಬರನಾಥಕ್ಕೆ ಹೋದದ್ದು ಮೇಷ್ಟ್ರ ಒತ್ತಾಯಕ್ಕೆ. ವಾಲಧುನಿ ಹೊಳೆಯ ದಂಡೆಯ ಈ ಶಿವಾಲಯ ಶಿಲಾಹಾರ ಅರಸ ಮುಮ್ಮುಣಿಯ ಕಾಲದ್ದು. ಶಾಸನದ ಕಾಲ 1060. ಕಪ್ಪು ಕಲ್ಲಿನ ಹೊರಗೋಡೆಯಲ್ಲಿ ಬೆರಳಿಡಲೂ ಜಾಗ ಬಿಡದಂತೆ ಶಿಲ್ಪ. ಗರ್ಭಗುಡಿಗೆ ಮೆಟ್ಟಿಲಿಳಿದು ಹೋಗಬೇಕು. ಹೊರಗೆ ಸುಡುವ ಬಿಸಿಲು, ಒಳಗೆ ತಣ್ಣನೆಯ ನೆಲ, ಮೇಲೆ ತೆರೆದ ಆಕಾಶ.

ಮಂಟಪದಲ್ಲಿ ಕೂತು ಮೇಷ್ಟ್ರು ಹೇಳಿದರು: “ನಾವೆಲ್ಲ ಹೊಟ್ಟಿಪಾಡಿಗೆ ಮೊನ್ನೆ ಮೊನ್ನೆ ಬಂದವ್ರು ಅಂತ ತಿಳ್ಕೊಂಡೀವಿ ನೋಡ್ರಿ. ಈ ಶಿಲಾಹಾರರು ಮೊದಲ ನಮ್ಮ ರಾಷ್ಟ್ರಕೂಟರ ಸಾಮಂತರು. ಕಾನ್ಹೇರಿ ಗುಹೆಯೊಳಗ ಅಮೋಘವರ್ಷನ ಹೆಸರು ಕೆತ್ತ್ಯದ. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನದ ದೊರಿ. ಠಾಣೆಯ ಅರಸರ ಸಂಸ್ಕೃತ ಶಾಸನದಾಗ ಕನ್ನಡದ ಬಿರುದು ಅದಾವ.”

“ಹಾಗಾದರೆ ಇದು ನಮ್ಮದಾ ಮೇಷ್ಟ್ರೇ?” ಎಂದು ಮಗಳು ಕೇಳಿದಳು.

“ಹಕ್ಕು ಹೇಳಾಕ ಅಲ್ಲ ಮಗಳ. ಋಣ ನೆನಸಾಕ. ಸಾವಿರ ವರ್ಷದಿಂದ ಈ ನೆಲ ನಮ್ಮ ಮಂದೀನ ಕರದು ಕುಂಡ್ರಿಸೇದ. ಹಂಗಂದ ಮ್ಯಾಲ ಇದರ ಕಥಿ ನಮಗ ಗೊತ್ತಿರಬೇಕೋ ಬ್ಯಾಡೋ?”

ಈ ಮಾತು ಪ್ರವಾಸದ ಉದ್ದಕ್ಕೂ ನನ್ನ ಜೊತೆಗೆ ಬಂತು. ಡೊಂಬಿವಲಿಯಲ್ಲಿ ನಮ್ಮವರು ಕರ್ನಾಟಕ ಸಂಘ ಕಟ್ಟಿದ್ದಾರೆ, ಮಂಜುನಾಥ ವಿದ್ಯಾಲಯ ನಡೆಸುತ್ತಾರೆ, ಯಕ್ಷಗಾನ ಆಡಿಸುತ್ತಾರೆ, ರಾಜ್ಯೋತ್ಸವ ಮಾಡುತ್ತಾರೆ. ಊರನ್ನು ಮರೆಯದ ಈ ನಿಷ್ಠೆ ದೊಡ್ಡದು. ಇರುವ ನೆಲವನ್ನು ಅರಿಯುವ ನಿಷ್ಠೆಯೂ ಅಷ್ಟೇ ದೊಡ್ಡದಾಗಬೇಕು ಎಂದು ನನಗೆ ಅನಿಸಿದ್ದು ಅಂಬರನಾಥದಲ್ಲಿ.

ಠಾಣೆಗೆ ಹೋಗಲು ಬೇಕೆಂದೇ ಸ್ಲೋ ಲೋಕಲ್ ಹಿಡಿದೆವು. ದಿವಾ ದಾಟಿದ ಮೇಲೆ ಒಂದು ಬದಿಗೆ ಪಾರಸಿಕ್ ಬೆಟ್ಟ, ಇನ್ನೊಂದು ಬದಿಗೆ ಖಾಡಿ. ಕಳವಾ ಬಿಟ್ಟು ಗಾಡಿ ಸೇತುವೆಗೆ ಬರುವಾಗ ಉಪ್ಪು ಗಾಳಿ ಮುಖಕ್ಕೆ ಹೊಡೆಯುತ್ತದೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಠಾಣೆಯಲ್ಲಿ. ಮರುವರ್ಷ ಹಳಿ ಖಾಡಿಯನ್ನು ದಾಟಿ ಕಲ್ಯಾಣ ಮುಟ್ಟಿತು. ರೈಲಿನ ಈ ಕೀರ್ತಿಯನ್ನು ಶಾಲೆಯ ಪುಸ್ತಕ ಹೇಳುತ್ತದೆ. ರೈಲಿಗೆ ಮೊದಲು ಠಾಣೆ ಸಾವಿರ ವರ್ಷ ಹಡಗಿನ ಊರಾಗಿತ್ತು ಎಂಬುದು ಅಲ್ಲಿಲ್ಲ.

ಒಡೊರಿಕ್ ಬರುವ ಹೊತ್ತಿಗೆ ಠಾಣೆ ದೆಹಲಿ ಸುಲ್ತಾನರ ಆಡಳಿತಕ್ಕೆ ಸೇರಿತ್ತು. ಅವನಿಗಿಂತ ಕೊಂಚ ಮೊದಲು, 1321ರಲ್ಲಿ, ನಾಲ್ವರು ಫ್ರಾನ್ಸಿಸ್ಕನ್ನರು ಇಲ್ಲಿಗೆ ಬಂದಿದ್ದರು. ತೊಲೆಂತಿನೋದ ತೊಮ್ಮಾಸೊ, ಪಾದುವಾದ ಜಾಕೊಮೊ, ಸಿಯೆನಾದ ಪಿಯೆತ್ರೊ ಇಟಲಿಯವರು. ನಾಲ್ಕನೆಯ ದೆಮೆತ್ರಿಯೊ ಜಾರ್ಜಿಯಾದ ತಿಫ್ಲಿಸ್‌ನವನು, ಭಾಷೆಗಳನ್ನು ಬಲ್ಲವನು. ಊರಿನಲ್ಲಿ ಮೊದಲೇ ನೆಲೆಸಿದ್ದ ಪೂರ್ವದೇಶದ ಕ್ರೈಸ್ತರ ಮನೆಯೊಂದರಲ್ಲಿ ಅವರು ಉಳಿದುಕೊಂಡರು. ಆ ಮನೆಯ ಜಗಳವೊಂದು ಖಾಜಿಯ ಮುಂದೆ ಹೋಯಿತು, ಅಲ್ಲಿ ಧರ್ಮದ ವಾದ ಎದ್ದಿತು, ವಾದ ವಿಕೋಪಕ್ಕೆ ತಿರುಗಿ ನಾಲ್ವರೂ ಏಪ್ರಿಲ್ ತಿಂಗಳಲ್ಲಿ ಪ್ರಾಣ ತೆತ್ತರು. ಕೊಲ್ಲಿಸಿದ ಅಧಿಕಾರಿಯನ್ನು ದೆಹಲಿಯ ಸುಲ್ತಾನನೇ ಶಿಕ್ಷಿಸಿದ ಎಂದು ಒಡೊರಿಕ್ ಹೇಳುತ್ತಾನೆ. ಅವನು ಆ ನಾಲ್ವರ ಎಲುಬುಗಳನ್ನು ಎತ್ತಿ ಬಟ್ಟೆಯಲ್ಲಿ ಕಟ್ಟಿ, ನಮ್ಮ ಪಶ್ಚಿಮ ಕರಾವಳಿಯುದ್ದಕ್ಕೂ ಸಾಗಿ ಮೆಣಸಿನ ಮಲಬಾರು ದಾಟಿ, ಕೊನೆಗೆ ಚೀನಾದ ಜೈತೂನ್ ಬಂದರಿಗೆ ಒಯ್ದು ತನ್ನ ಪಂಥದವರಿಗೆ ಒಪ್ಪಿಸಿದ.

ಮರಳಿದ ಮೇಲೆ 1330ರಲ್ಲಿ ಪಾದುವಾದ ಮಠದಲ್ಲಿ ಕೂತು ತಾನು ಕಂಡದ್ದನ್ನು ಹೇಳಿ ಬರೆಸಿದ; ಮರುವರ್ಷದ ಜನವರಿಯಲ್ಲಿ ತೀರಿಕೊಂಡ. ಆ ಕಥನದಲ್ಲಿ ಠಾಣೆಯ ಚಿತ್ರವಿದೆ. ಊಟಕ್ಕೆ ಕೊರತೆಯಿಲ್ಲದ, ಮರಗಿಡ ತುಂಬಿದ ಊರು. ಪಾರಿವಾಳದಷ್ಟು ದೊಡ್ಡ ಬಾವಲಿಗಳು. ನಾಯಿಯ ಗಾತ್ರದ ಇಲಿಗಳು, ಬೆಕ್ಕು ಅವಕ್ಕೆ ಸಾಲದೆ ನಾಯಿಗಳೇ ಹಿಡಿಯುತ್ತವೆ. ಮಗಳು ಇದನ್ನು ಓದಿ ಹೇಳಿದಾಗ ಮೇಷ್ಟ್ರು ಕೂಡಲೇ “ಹೆಗ್ಗಣ!” ಎಂದರು. ಠಾಣೆಯ ಹಳೆಯ ಪೇಟೆಯಲ್ಲಿ ರಾತ್ರಿ ನಡೆದವರು ಯಾರೂ ಆ ಸನ್ಯಾಸಿಯ ಮಾತನ್ನು ಸುಳ್ಳು ಎನ್ನಲಾರರು. ಈ ಊರು ಹಿಂದೆ ಅಲೆಕ್ಸಾಂಡರನೊಡನೆ ಕಾದಾಡಿದ ಪೋರಸ್ ರಾಜನದಾಗಿತ್ತು ಎಂದೂ ಅವನು ಬರೆಸಿದ್ದಾನೆ. ಅದು ಇತಿಹಾಸವಲ್ಲ. ಕಂಡದ್ದು, ಕೇಳಿದ್ದು ಎರಡನ್ನೂ ಕಟ್ಟಿಕೊಂಡು ಹೋಗುವುದು ಎಲ್ಲ ಕಾಲದ ಪ್ರವಾಸಿಗನ ಸ್ವಭಾವ.

ಅವನಿಗಿಂತ ಮುಂಚೆ, 1298ರಲ್ಲಿ ಜಿನೋವಾದ ಸೆರೆಮನೆಯಲ್ಲಿ ತನ್ನ ಕಥೆ ಹೇಳಿದ ವೆನಿಸ್ಸಿನ ಮಾರ್ಕೊ ಪೋಲೊ ಕೂಡ ಠಾಣೆಯನ್ನು ಒಂದು ರಾಜ್ಯವೆಂದು ವರ್ಣಿಸಿದ್ದಾನೆ. ಕಂದು ಬಣ್ಣದ ಧೂಪ, ಹದ ಮಾಡಿದ ತೊಗಲು, ಹತ್ತಿಯ ಬಟ್ಟೆ ಇಲ್ಲಿಂದ ಹೋಗುತ್ತಿದ್ದವು, ಕುದುರೆಗಳು ಬರುತ್ತಿದ್ದವು. ಕಡಲ್ಗಳ್ಳರೊಡನೆ ಇಲ್ಲಿನ ಅರಸನಿಗೆ ಒಪ್ಪಂದವಿತ್ತಂತೆ: ಲೂಟಿಯಲ್ಲಿ ಸಿಕ್ಕ ಕುದುರೆಗಳೆಲ್ಲ ಅರಸನಿಗೆ, ಉಳಿದದ್ದು ಕಳ್ಳರಿಗೆ. ಕುದುರೆಗೆ ಅಷ್ಟು ಬೆಲೆ ಏಕೆಂದು ಕನ್ನಡ ನಾಡಿನವರಿಗೆ ಹೇಳಬೇಕಾಗಿಲ್ಲ. ಮುಂದೆ ವಿಜಯನಗರದ ಬಲ ನಿಂತದ್ದು ಭಟ್ಕಳ, ಹೊನ್ನಾವರ, ಗೋವಾಗಳಲ್ಲಿ ಇಳಿದ ಕುದುರೆಗಳ ಮೇಲೆ.

ಠಾಣೆಯಲ್ಲಿ ಇಳಿದು ತಲಾವ್ ಪಾಳಿಗೆ ಬಂದೆವು. ಮಸುಂದಾ ಕೆರೆಯ ಒಂದು ಬದಿಗೆ ಕೋಪಿನೇಶ್ವರನ ಗುಡಿ, ಇನ್ನೊಂದು ಕಡೆ ಪೋರ್ಚುಗೀಸರ ಕಾಲದಿಂದ ಬಂದ ಸ್ನಾನಿಕ ಯೋಹಾನರ ಚರ್ಚು. ಗುಡಿಯ ಮೂಲ ಶಿಲಾಹಾರರದು, ಈಗಿನ ಕಟ್ಟಡ ಮರಾಠರ ಕಾಲದ್ದು. ಸಂಜೆ ದೇವರಿಗೆ ಬಂದವರು, ಪ್ರಾರ್ಥನೆಗೆ ಬಂದವರು, ದೋಣಿಯಾಟಕ್ಕೆ ಬಂದ ಮಕ್ಕಳು, ಭೇಲ್ ತಿನ್ನುವ ಕಾಲೇಜು ಹುಡುಗರು ಒಂದೇ ಕಟ್ಟೆಯ ಮೇಲೆ ಕೂತಿದ್ದರು. ವಾದದಲ್ಲಿ ನಾಲ್ವರು ಸತ್ತ ಊರಿನ ಸಂಜೆ ಹೀಗೆ ಒಟ್ಟಿಗೆ ಕೂರುವಷ್ಟು ದೂರ ಬಂದಿದೆ. ಇದನ್ನು ಕಾಪಾಡಿಕೊಳ್ಳುವುದು ಕೋಟೆ ಕಾಪಾಡುವುದಕ್ಕಿಂತ ಕಷ್ಟದ ಕೆಲಸ.

ಠಾಣೆಯ ಕೋಟೆಯನ್ನು ಹೊರಗಿನಿಂದಲೇ ನೋಡಬೇಕು. ಪೋರ್ಚುಗೀಸರು 1730ರಲ್ಲಿ ಕಟ್ಟಲು ತೊಡಗಿ ಮುಗಿಸುವ ಮೊದಲೇ, 1737ರಲ್ಲಿ, ಮರಾಠರಿಗೆ ಬಿಟ್ಟುಕೊಟ್ಟ ಆ ಕೋಟೆ ಈಗ ಠಾಣೆಯ ಸೆಂಟ್ರಲ್ ಜೈಲು.

ಸ್ಟೇಷನ್ನಿನ ಪೂರ್ವಕ್ಕೆ ಚೆಂದಣಿ ಕೋಳಿವಾಡಾ. ಎತ್ತರದ ಕಟ್ಟಡಗಳ ನಡುವೆ ತಗ್ಗು ಮನೆಗಳ ಓಣಿ. ಕೋಳಿ ಸಮುದಾಯದ ಮೀನುಗಾರರು ಈ ಖಾಡಿಯ ಮೂಲದ ಮಕ್ಕಳು. ಬಾಗಿಲ ಮುಂದೆ ಬಲೆ ಹಾಸಿಕೊಂಡು ಕೂತಿದ್ದ ವೃದ್ಧರೊಬ್ಬರೊಡನೆ ಮರಾಠಿಯಲ್ಲಿ ಮಾತಾಡಿದೆವು.

“ಕಾಕಾ, ಇಲ್ಲಿ ದೊಡ್ಡ ಹಡಗು ಬರುತ್ತಿತ್ತಂತೆ?” ಎಂದು ಮಗಳು ಕೇಳಿದಳು.

“ನಮ್ಮಜ್ಜ ಹಾಯಿ ದೋಣಿಗಳನ್ನು ನೋಡಿದ್ದರು, ಮಗಳೇ. ನಾನು ಚಿಕ್ಕವನಿದ್ದಾಗ ಬುಟ್ಟಿ ತುಂಬ ಕೋಳಂಬಿ, ಚಿಂಬೋರಿ, ನಿವಟಿ ಸಿಗುತ್ತಿದ್ದವು. ಈಗ ಬಲೆ ಎತ್ತಿದರೆ ಮೀನಿಗಿಂತ ಮೊದಲು ಪ್ಲಾಸ್ಟಿಕ್ ಬರುತ್ತದೆ. ಖಾಡಿ ಹೂಳು ತುಂಬಿತು. ತಾಯಿ ಸೊರಗಿದರೆ ಮಕ್ಕಳಿಗೆ ಹಾಲೆಲ್ಲಿಂದ?”

ಬಂದರು ಸಾಯುವುದು ಹೀಗೆಯೇ. ರಾಜಮಾಚಿ ಕಡೆಯ ಘಟ್ಟದಲ್ಲಿ ಹುಟ್ಟುವ ಉಲ್ಹಾಸ ಪ್ರತಿ ಮಳೆಗಾಲ ಮಣ್ಣು ಹೊತ್ತು ತರುತ್ತದೆ. ಠಾಣೆಯ ಬಳಿ ಅದರ ದೊಡ್ಡ ಹರಿವು ಘೋಡಬಂದರಿನ ಮೇಲೆ ವಸಯಿ ಕಡೆಗೆ ಹೊರಳುತ್ತದೆ. ದಕ್ಷಿಣಕ್ಕೆ ಠಾಣೆ ಖಾಡಿಯನ್ನು ಸೇರುವ ಕವಲು ಈಗ ಸಣ್ಣ ಕಾಲುವೆಯಷ್ಟೇ. ಹೂಳು ಏರಿತು, ಹಡಗಿನ ಗಾತ್ರ ಬೆಳೆಯಿತು, ಆಳ ನೀರಿನ ಮುಂಬಯಿ ಇಂಗ್ಲಿಷರ ಕೈಗೆ ಬಂದು ವ್ಯಾಪಾರ ಅತ್ತ ಸರಿಯಿತು.

ಇಲ್ಲಿ ಮಗಳು ಓದಿಕೊಂಡಿದ್ದ ವೆನಿಸ್ಸಿನ ಕಥೆಗೆ ಅರ್ಥ ಬಂತು. ಅಲ್ಲಿಯೂ ಬ್ರೆಂತಾ, ಪಿಯಾವೆ, ಸೀಲೆ ನದಿಗಳು ಹಿನ್ನೀರಿಗೆ ಹೂಳು ತಂದು ಸುರಿಯುತ್ತಿದ್ದವು. ವೆನಿಸ್ಸಿನವರು ಶತಮಾನಗಳ ಕಾಲ ದುಡಿದು ಆ ನದಿಗಳ ದಾರಿಯನ್ನೇ ತಿರುಗಿಸಿ ಹಿನ್ನೀರಿನ ಹೊರಗೆ ಕಡಲಿಗೆ ಬಿಟ್ಟರು. 16ನೇ ಶತಮಾನದ ಆರಂಭದಲ್ಲೇ ನೀರಿನ ಉಸ್ತುವಾರಿಗೆಂದು ಬೇರೆ ಅಧಿಕಾರಿಗಳನ್ನು ನೇಮಿಸಿದ್ದರು. ಇಂದು ಲೋಕವೆಲ್ಲ ಹೋಗಿ ನೋಡುವ ಆ ನೀರು ತಾನಾಗಿ ಉಳಿದದ್ದಲ್ಲ, ಊರಿನವರು ಉಳಿಸಿಕೊಂಡದ್ದು. ಚಿತ್ರದಲ್ಲಿ ಕಾಣುವ ಅಂದದ ಹಿಂದೆ ಇರುವ ಈ ದುಡಿಮೆಯನ್ನು ನಾವು ಅಲ್ಲಿಂದ ತರಬೇಕು.

ಘೋಡಬಂದರ್ ಕೋಟೆಗೆ ಹೋದದ್ದು ಇನ್ನೊಂದು ಬೆಳಿಗ್ಗೆ. ಒಂದು ಕಡೆ ನಿಲ್ಲದ ಟ್ರಕ್ಕುಗಳು, ಇನ್ನೊಂದು ಕಡೆ ಅಗಲವಾಗಿ ಹರಡಿಕೊಂಡ ವಸಯಿ ಖಾಡಿ. ಪೋರ್ಚುಗೀಸರ ಗೋಡೆಯ ಮೇಲಿನಿಂದ ನೋಡಿದರೆ ಕುದುರೆಯ ಹಡಗುಗಳು ಒಳಬರುತ್ತಿದ್ದ ದಾರಿ ಕಣ್ಣಿಗೆ ಬೀಳುತ್ತದೆ. ರಸ್ತೆಬದಿಯಲ್ಲಿ ತಾಡಗೋಳಾ ಕೊಂಡು ತಿಂದು ಹಿಂದಿರುಗಿದೆವು.

ಕೊನೆಯದು ನವಿ ಮುಂಬಯಿಯ ಐರೋಲಿ. ಠಾಣೆಯಿಂದ ವಾಶಿಯ ಲೋಕಲ್ ಹಿಡಿದರೆ ಹತ್ತಿರ. ಅರಣ್ಯ ಇಲಾಖೆಯ ಕಡಲ ಜೀವವೈವಿಧ್ಯ ಕೇಂದ್ರದಿಂದ ದೋಣಿಗಳು ಭರತದ ಹೊತ್ತು ನೋಡಿಕೊಂಡು ಹೊರಡುತ್ತವೆ. ಎರಡೂ ಬದಿಗೆ ಕಾಂಡ್ಲಾ ಕಾಡು. ನಮ್ಮ ಕುಂದಾಪುರದ ಹೊಳೆಬದಿಯಲ್ಲಿ ಕಂಡದ್ದೇ ಗಿಡ, ಕೆಸರಿನಿಂದ ಮೇಲಕ್ಕೆ ಚುಚ್ಚಿಕೊಂಡು ನಿಂತ ಅದೇ ಉಸಿರುಬೇರು. ತಿರುವು ದಾಟುತ್ತಲೇ ನೀರಿನ ಅಂಚು ಗುಲಾಬಿಯಾಯಿತು. ಫ್ಲೆಮಿಂಗೊಗಳು. ಸಾಲು ಸಾಲಾಗಿ ತಲೆ ತಗ್ಗಿಸಿ, ಕೊಕ್ಕಿನಲ್ಲಿ ಕೆಸರು ನೀರನ್ನು ಸೋಸಿ, ಪಾಚಿಯನ್ನು ಉಣ್ಣುತ್ತಿದ್ದವು. ಮೈಯ ಗುಲಾಬಿ ಬಣ್ಣ ಬರುವುದು ಅದೇ ಆಹಾರದಿಂದ. ಗುಜರಾತಿನ ಕಚ್ಛದ ಕಡೆಯಿಂದ ಚಳಿಗಾಲಕ್ಕೆ ಬಂದು, ಮಳೆಗೆ ಮುಂಚೆ ಮರಳುವ ಹಕ್ಕಿಗಳಿವು. ಮಗಳು ಕೈಯಲ್ಲಿದ್ದ ಮೊಬೈಲನ್ನು ಎತ್ತಲೂ ಮರೆತಳು.

“ಇಟಲಿಯಲ್ಲೂ ಉಪ್ಪಿನ ಗದ್ದೆಗಳಿಗೆ ಫ್ಲೆಮಿಂಗೊ ಬರುತ್ತವೆ ಅಪ್ಪಾ, ಸಾರ್ದಿನಿಯಾದ ಕಾಲ್ಯಾರಿ ಊರಿನ ಪಕ್ಕದಲ್ಲೇ” ಎಂದಳು ಆಮೇಲೆ. ಊರಿನ ಮಗ್ಗುಲಲ್ಲೇ ಅಂಥ ಹಕ್ಕಿ ಬದುಕುವುದು ಅಲ್ಲಿಯೂ ಭಾಗ್ಯ, ಇಲ್ಲಿಯೂ ಭಾಗ್ಯ.

ಈ ಭಾಗ್ಯ ಸುಮ್ಮನೆ ಉಳಿದಿಲ್ಲ. 2005ರಲ್ಲಿ ಬಾಂಬೆ ಹೈಕೋರ್ಟು ಕಾಂಡ್ಲಾ ನಾಶಕ್ಕೆ ತಡೆ ಹಾಕಿತು. 2018ರ ತೀರ್ಪಿನಲ್ಲಿ ಆ ನಾಶ ಜನರ ಬದುಕುವ ಹಕ್ಕಿಗೇ ಧಕ್ಕೆ ಎಂದು ಹೇಳಿತು. 2015ರಲ್ಲಿ ಠಾಣೆ ಖಾಡಿಯ ಸುಮಾರು 17 ಚದರ ಕಿ.ಮೀ. ಫ್ಲೆಮಿಂಗೊ ಅಭಯಾರಣ್ಯವಾಯಿತು. 2022ರಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಷ್ಟಾದರೂ ಠಾಣೆ-ಬೇಲಾಪುರ ಪಟ್ಟಿಯ ಕಾರ್ಖಾನೆಗಳ, ಸುತ್ತಲ ಊರುಗಳ ಕೊಳೆ ಹರಿದು ಬರುವ ತಗ್ಗು ಇದೇ. ಅಂಬರನಾಥ ದೇಗುಲದ ಮಗ್ಗುಲ ವಾಲಧುನಿ ಹೊತ್ತ ವಿಷ, ಡೊಂಬಿವಲಿಯ ನಮ್ಮ ಮನೆಗಳ ಮೋರಿಯ ನೀರು ಸೇರುವುದೂ ಇದೇ ಉಲ್ಹಾಸದ ಜಾಲಕ್ಕೆ. ಪೂಜೆಯ ಹೂವನ್ನು ಚೀಲ ಸಮೇತ ರೈಲಿನ ಕಿಟಕಿಯಿಂದ ಖಾಡಿಗೆ ಎಸೆಯುವ ಕೈಗಳಲ್ಲಿ ಕನ್ನಡದ ಕೈಗಳೂ ಇವೆ.

ಕಿಯೊಜ್ಜಾವನ್ನು ಮಗಳು ಮುಂದೆ ಎಂದಾದರೂ ನೋಡಲಿ ಎಂಬುದು ನನ್ನ ಆಸೆ. ಕೊಂಟಿ ಹುಟ್ಟಿದ ಊರಿನ ದಂಡೆಯಲ್ಲಿ ನಿಂತಾಗ, ಆ ನೀರಿನಿಂದ ಹೊರಟವರು ತಲುಪಿದ ನೀರಿನ ಬಳಿಯೇ ತಾನು ಬೆಳೆದವಳೆಂದು ಅವಳಿಗೆ ಗೊತ್ತಿರುತ್ತದೆ. ಅಷ್ಟು ತಿಳಿದು ಹೊರಟವರಿಗೆ ಪರದೇಶವೂ ಹೆಚ್ಚು ತೆರೆದುಕೊಳ್ಳುತ್ತದೆ.

ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಯ ಕನ್ನಡ ಬಂಧುಗಳಲ್ಲಿ ನನ್ನದೊಂದು ಕೋರಿಕೆ. ಬರುವ ಬೇಸಿಗೆಯಲ್ಲಿ ಊರಿನ ಗಾಡಿ ಹತ್ತುವ ಮೊದಲು ಮಕ್ಕಳನ್ನು ಕರೆದುಕೊಂಡು ಅಂಬರನಾಥದ ಗುಡಿ, ದುರ್ಗಾಡಿ, ಚೆಂದಣಿ, ಐರೋಲಿಗಳನ್ನು ತೋರಿಸಿ. ಫ್ಲೆಮಿಂಗೊ ನೋಡಬೇಕಾದರೆ ಮೇ ಮುಗಿಯುವುದರೊಳಗೆ ಹೋಗಿ. ನಮ್ಮ ಸಂಘಗಳು ವರ್ಷಕ್ಕೊಂದು ಖಾಡಿ ಯಾತ್ರೆ ಏರ್ಪಡಿಸಲಿ. ಶಾಲೆಗಳು ಅಮೋಘವರ್ಷನ ಪಾಠವನ್ನು ಕಾನ್ಹೇರಿಯ ಗುಹೆಯಲ್ಲೇ ಮಾಡಲಿ. ಈ ನೀರಿಗೆ ಕಸ ಎಸೆಯುವ ಕೈಯನ್ನು, ಅದು ನಮ್ಮ ಮನೆಯದೇ ಆಗಿದ್ದರೂ, ತಡೆಯಿರಿ. ನಮಗೆ ಅನ್ನ ಕೊಟ್ಟ ನೆಲಕ್ಕೆ ನಾವು ಸಲ್ಲಿಸಬೇಕಾದ ಕನಿಷ್ಠ ಬಾಕಿ ಇಷ್ಟು.